ನಿರ್ಣಯದಲ್ಲಿ ಅಂತಃಪ್ರಜ್ಞೆಯ ಸ್ಥಾನ



ಕಾಮಗಾರಿಯ ಸ್ಥಳ ಪರಿಶೀಲನೆಯ ವೇಳೆ ಅನುಭವಿ ಸದಸ್ಯರು ಚರಂಡಿಯ ಜಾಗವನ್ನು ನೋಡಿದೊಡನೆ, "ಇಲ್ಲಿ ನೀರು ಹರಿಯದು, ನಿಲ್ಲುತ್ತದೆ" ಎನ್ನುವುದುಂಟು. ಕಾರಣ ಕೇಳಿದರೆ ತಕ್ಷಣ ವಿವರಿಸಲಾಗದು. ಇದನ್ನೇ ಅಂತಃಪ್ರಜ್ಞೆ ಎನ್ನುತ್ತೇವೆ. ನಮ್ಮ ನಿರ್ಣಯಗಳಲ್ಲಿ ಇದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಅವರು ಅಗ್ನಿಶಾಮಕ ದಳದ ಅನುಭವಿ ನಾಯಕರನ್ನು ಅಧ್ಯಯನ ಮಾಡಿದರು. ಆ ನಾಯಕರು ಹಲವು ಆಯ್ಕೆಗಳನ್ನು ತೂಗಿ ನೋಡುವ ಬದಲು, ಹಿಂದೆ ಕಂಡ ಸನ್ನಿವೇಶದ ಗುರುತು ಹಿಡಿದು ತೀರ್ಮಾನಿಸುತ್ತಿದ್ದರು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾಹ್ನೆಮನ್ ಅವರು ಇಂತಹ ತೀರ್ಮಾನಗಳಲ್ಲಿ ನುಸುಳುವ ದೋಷಗಳನ್ನು ಪರಿಶೀಲಿಸಿದವರು. ಭಿನ್ನ ನಿಲುವಿನ ಈ ಇಬ್ಬರೂ 2009ರ ಜಂಟಿ ಲೇಖನದಲ್ಲಿ ಎರಡು ಷರತ್ತುಗಳನ್ನು ಒಪ್ಪಿದರು: ವಿಷಯದಲ್ಲಿ ಒಂದು ಕ್ರಮವಿರಬೇಕು, ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ನಮಗೆ ಪದೇ ಪದೇ ತಿಳಿಯುತ್ತಿರಬೇಕು. ಮನಸ್ಸಿಗೆ ದೃಢವಾಗಿ ಅನ್ನಿಸಿತೆಂಬುದಷ್ಟೇ ಆಧಾರವಾಗದು.

ಈ ಒರೆಗಲ್ಲಿಗೆ ನಮ್ಮ ಕೆಲಸಗಳನ್ನು ಹಚ್ಚಿ ನೋಡೋಣ. ಮಳೆನೀರಿನ ದಾರಿ ಪ್ರತಿ ಮುಂಗಾರಿನಲ್ಲೂ ಕಣ್ಣಿಗೆ ಕಾಣುತ್ತದೆ. ಅಲ್ಲಿ ಹಿರಿಯರ ಮಾತಿಗೆ ಬೆಲೆಯಿದೆ. ಯಾವ ಬೀದಿಯ ನಲ್ಲಿಗೆ ನೀರು ಏರದೆಂಬುದು ನಿತ್ಯ ಬಿಂದಿಗೆ ಹಿಡಿಯುವ ಸದಸ್ಯೆಗೆ ಗೊತ್ತು. ಅಂಕಿಯಿಲ್ಲವೆಂದು ಆಕೆಯ ಮಾತನ್ನು ಇಂಜಿನಿಯರಿಂಗ್ ಓದಿದ ನಮ್ಮಂಥವರು ತಳ್ಳಿಹಾಕಬಾರದು.

ಕೊಳವೆಬಾವಿಯ ವಿಷಯ ಬೇರೆ. ನಮ್ಮ ರಾಜ್ಯದ ಬಹುಭಾಗದಲ್ಲಿರುವುದು ಗಟ್ಟಿ ಶಿಲೆ; ಅದರ ಬಿರುಕುಗಳಲ್ಲಿ ನಿಂತ ನೀರು ಮೇಲಿನಿಂದ ಕಾಣದು. ಕವಲುಕಡ್ಡಿ ತೋರಿಸಿದ ಕಡೆ ನೀರು ಬಿದ್ದರೆ ಊರೆಲ್ಲ ನೆನೆಯುತ್ತದೆ, ಬತ್ತಿದ ಬಾವಿಗಳು ಮರೆತುಹೋಗುತ್ತವೆ. ಆದ್ದರಿಂದ ಭೂವಿಜ್ಞಾನಿಯ ಪರೀಕ್ಷಾ ವರದಿಯಿಲ್ಲದೆ ಬಿಂದು ಗುರುತಿಸಬಾರದು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ವಸತಿ ಫಲಾನುಭವಿಗಳ ಆಯ್ಕೆಯಲ್ಲಿ. "ಆಕೆಗೆ ಮಗನಿದ್ದಾನೆ, ನೋಡಿಕೊಳ್ಳುತ್ತಾನೆ" ಎಂಬ ಒಂದು ಅನಿಸಿಕೆಗೆ ಹೆಸರು ಬಿಟ್ಟುಹೋಗಬಹುದು. ಚರಂಡಿ ತಪ್ಪಾದರೆ ನೀರು ನಿಂತು ತೋರಿಸುತ್ತದೆ. ಪಟ್ಟಿಯಿಂದ ಬಿಟ್ಟುಹೋದ ಕುಟುಂಬ ಸೋರುವ ಸೂರಿನಡಿ ಮೌನವಾಗಿರುತ್ತದೆ. ತಪ್ಪು ತಿಳಿಯದ ಕಡೆ ಅಂತಃಪ್ರಜ್ಞೆ ಪಳಗುವುದಿಲ್ಲ, ಪೂರ್ವಗ್ರಹವಷ್ಟೇ ಗಟ್ಟಿಯಾಗುತ್ತದೆ.

ಆದಕಾರಣ ಮೂರು ವಿನಂತಿಗಳು. ಒಂದು, "ಏಕೋ ಸರಿ ಕಾಣುತ್ತಿಲ್ಲ" ಎಂದು ಯಾವ ಸದಸ್ಯರು ಹೇಳಿದರೂ, ಅಂದಾಜುಪಟ್ಟಿ ತಯಾರಾಗುವ ಮೊದಲೇ ಸ್ಥಳ ಪರಿಶೀಲನೆ ನಡೆಯಲಿ. ಎರಡು, ಫಲಾನುಭವಿಗಳ ಆಯ್ಕೆಯಲ್ಲಿ ಮನೆಯನ್ನು ಕಣ್ಣಾರೆ ಕಂಡು, ಅರ್ಹತೆಯ ಮಾನದಂಡಗಳನ್ನು ಗ್ರಾಮಸಭೆಯಲ್ಲಿ ಓದಿ, ಕೈಬಿಟ್ಟ ಪ್ರತಿ ಹೆಸರಿನ ಮುಂದೆ ಕಾರಣ ಬರೆಯೋಣ. ಮೂರು, ಪ್ರತಿ ಪ್ರಮುಖ ನಿರ್ಣಯದೊಡನೆ ನಾವು ನಿರೀಕ್ಷಿಸುವ ಫಲವನ್ನು ನಡಾವಳಿಯಲ್ಲಿ ಒಂದು ಸಾಲು ದಾಖಲಿಸಿ, ವರ್ಷದ ನಂತರ ಅದನ್ನು ಸಭೆಯಲ್ಲಿ ಓದೋಣ. ಯಾರ ಊಹೆ ಯಾವ ವಿಷಯದಲ್ಲಿ ನಂಬಲರ್ಹವೆಂಬುದನ್ನು ಆಗ ನಮ್ಮ ದಾಖಲೆಯೇ ತಿಳಿಸುತ್ತದೆ.

ಮುಂದಿನ ಸಾಮಾನ್ಯ ಸಭೆಯಿಂದಲೇ ಇದನ್ನು ಆರಂಭಿಸಬೇಕೆಂದು ಕೋರುತ್ತಾ, ನನ್ನ ಮಾತುಗಳನ್ನು ಮುಗಿಸುತ್ತೇನೆ.