ಬೆಟ್ಟದ ಸೆಳೆತವನ್ನು ಅಳೆದವರು

ಗಾರೆಯವನ ತೂಗುಗುಂಡನ್ನು ಬೆಟ್ಟವೂ ತನ್ನೆಡೆಗೆ ಸೆಳೆಯುತ್ತದೆ. ಆದರೆ ಹಿಮಾಲಯದ ಸೆಳೆತ ಅದರ ಗಾತ್ರಕ್ಕೆ ತಕ್ಕಷ್ಟಿಲ್ಲವೆಂಬುದು 1855ರಲ್ಲಿ ಪ್ರಾಟ್ ಅವರ ಲೆಕ್ಕದಿಂದ ಹೊರಬಿತ್ತು. ಇದನ್ನು ಪರೀಕ್ಷಿಸಲು ಕ್ಯಾಪ್ಟನ್ ಬಾಸೆವಿ 1865ರಿಂದ ಲೋಲಕಗಳೊಡನೆ ದೇಶ ಸುತ್ತಿದರು. ಗುರುತ್ವ ಕುಗ್ಗಿದಲ್ಲಿ ಲೋಲಕ ನಿಧಾನಿಸುತ್ತದೆ. ದಿನದ ಸುಮಾರು 86,000 ತೂಗಾಟಗಳಲ್ಲಿ ಕೆಲವು ಕಡಿಮೆಯಾದುದನ್ನು ಗುರುತಿಸಬೇಕು. ಎಂತಹ ತಾಳ್ಮೆ! 15,000 ಅಡಿಗೂ ಎತ್ತರದ ಮೋರೆಯಲ್ಲಿ ಅಳತೆ ಮುಗಿಸಿದ ಬಾಸೆವಿ, 1871ರ ಜುಲೈನಲ್ಲಿ ಲಡಾಖಿನ ಚಳಿಯಲ್ಲೇ ಅಸುನೀಗಿದರು. ಅಲ್ಲಿಯೂ ಗುರುತ್ವ ನಿರೀಕ್ಷೆಗಿಂತ ಕಡಿಮೆಯಿತ್ತು: ಪರ್ವತದ ಹಗುರ ಶಿಲೆಯ ಬೇರು ಆಳಕ್ಕಿಳಿದಿದೆ.

ಇಂದಿನ ಗ್ರಾವಿಮೀಟರಿನಲ್ಲಿ ಸ್ಪ್ರಿಂಗಿಗೆ ತೂಗಿದ ಪುಟ್ಟ ತೂಕವಿದೆ. ಸಿಡಿಮದ್ದು ಬೇಡ, ಕೊರೆತ ಬೇಡ. ಮೂರು ಮೀಟರ್ ಏರಿದರೆ ಆಗುವ ಹತ್ತು ಲಕ್ಷದಲ್ಲೊಂದು ಪಾಲಿನ ಇಳಿಕೆಯೂ ಅದಕ್ಕೆ ನಿಚ್ಚಳ. ಅಂತೆಯೇ ಗುಡ್ಡಗಾಡಿನಲ್ಲಿ ಪಕ್ಕದ ಕಣಿವೆಯನ್ನು ಲೆಕ್ಕದಿಂದ ಬಿಟ್ಟರೆ ಅಳತೆಯೆಲ್ಲ ಕೆಡುತ್ತದೆ.