ಹುಲ್ಲು ಹಾಸಿದ ಮಾತ್ರಕ್ಕೆ ಬಯಲು ಜನರದಾಗುವುದೇ?



ಸಾರ್ವಜನಿಕ ಬಯಲೊಂದರ ಪುನರುಜ್ಜೀವನವೆಂದರೆ ಡಾಂಬರು ಕಿತ್ತು ಹಸಿರು ಬೆಳೆಸುವುದಷ್ಟೇ ಎಂಬ ಭಾವನೆ ವ್ಯಾಪಕವಾಗಿದೆ. ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನ ನಗರಾಡಳಿತ ಭವನದ ಮುಂದಿನ ಬಯಲಿನ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ.

ಜಪಾನೀ ವಸಾಹತು ಆಳ್ವಿಕೆಯಲ್ಲಿ, 1926ರಲ್ಲಿ, ಆ ಭವನ ಪೂರ್ಣಗೊಂಡಿತು. ಬಯಲಿನ ಒಂದು ಮಗ್ಗುಲಿಗೆ ದೊಕ್ಸುಗುಂಗ್ ಅರಮನೆಯ ಹೆಬ್ಬಾಗಿಲಿದೆ. 1919ರ ಸ್ವಾತಂತ್ರ್ಯ ಚಳವಳಿಯ ಜನ ಆ ಬಾಗಿಲ ಮುಂದೆ ನೆರೆದಿದ್ದರು. 1987ರ ಜುಲೈನಲ್ಲಿ, ಅಶ್ರುವಾಯು ಶೆಲ್ ತಗುಲಿ ಮೃತನಾದ ವಿದ್ಯಾರ್ಥಿ ಲೀ ಹಾನ್‌ಯೋಲ್‌ನ ಅಂತಿಮ ಯಾತ್ರೆಗೆ ಅಲ್ಲಿ ಜನಸಾಗರವೇ ಸೇರಿತು. ಆದರೆ ಉಳಿದ ದಿನಗಳಲ್ಲಿ ಅದು ವಾಹನಗಳು ಸುತ್ತುವ ವೃತ್ತವಾಗಿತ್ತು. ನಡೆದು ಬಂದವರಿಗೆ ಅಲ್ಲಿ ಎಡೆಯಿರಲಿಲ್ಲ. 2002ರ ವಿಶ್ವಕಪ್ ಫುಟ್‌ಬಾಲ್ ವೇಳೆ ಅಲ್ಲಿ ತುಂಬಿದ ಜನಸಂದಣಿ, ಆ ನೆಲ ನಿಜಕ್ಕೂ ಯಾವುದಕ್ಕೆ ಯೋಗ್ಯವೆಂಬುದನ್ನು ಎಲ್ಲರಿಗೂ ತೋರಿಸಿತು. 2004ರ ಮೇ 1ರಂದು ವೃತ್ತದ ಜಾಗದಲ್ಲಿ ವಿಶಾಲ ಹುಲ್ಲುಹಾಸು ಸಾರ್ವಜನಿಕರಿಗೆ ತೆರೆಯಿತು.

ಹಸಿರು ಬಂದಿತು, ಹಕ್ಕು ಬರಲಿಲ್ಲ. ನಗರಾಡಳಿತದ ನಿಯಮ ಆ ಬಯಲನ್ನು ವಿಹಾರಕ್ಕೆ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಮೀಸಲಿಟ್ಟು, ಬಳಕೆಗೆ ಅನುಮತಿ ಕಡ್ಡಾಯಗೊಳಿಸಿತು. 2009ರ ಮೇ ತಿಂಗಳಲ್ಲಿ ಮಾಜಿ ಅಧ್ಯಕ್ಷ ರೋ ಮೂ ಹ್ಯುನ್ ನಿಧನರಾದಾಗ, ಶೋಕಿಸಲು ಬಂದ ಜನರನ್ನು ಪೊಲೀಸರು ಬಸ್ಸುಗಳ ಗೋಡೆ ಕಟ್ಟಿ ಹೊರಗಿಟ್ಟರು.

ನಾಗರಿಕರು ಸುಮ್ಮನಿರಲಿಲ್ಲ. ನಿಯಮದ ತಿದ್ದುಪಡಿ ಕೋರಲು ಮತದಾರರಲ್ಲಿ ಶೇಕಡಾ 1ರಷ್ಟು ಜನರ ಸಹಿ ಬೇಕಿತ್ತು, ಅಂದರೆ 80 ಸಾವಿರಕ್ಕೂ ಹೆಚ್ಚು. ಸ್ವಯಂಸೇವಕರು ಅಷ್ಟನ್ನೂ ಸಂಗ್ರಹಿಸಿದರು. ಹಳೆಯ ನಗರ ಪರಿಷತ್ತು ಒಪ್ಪಲಿಲ್ಲ. 2010ರ ಚುನಾವಣೆಯ ಬಳಿಕ ಬಂದ ಹೊಸ ಪರಿಷತ್ತು ನಿಯಮವನ್ನು ತಿದ್ದಿತು: ಅನುಮತಿಯ ಬದಲು ಮುನ್ಸೂಚನೆ ಸಾಕಾಯಿತು, ಸಭೆಗಳಿಗೂ ಅವಕಾಶ ದೊರೆಯಿತು. 2011ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಬಸ್ಸುಗಳ ಗೋಡೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು.

ಜನ ತುಳಿದರೆ ಹುಲ್ಲು ಸವೆಯುತ್ತದೆ, ನಿಜ. ಸವೆದ ಹುಲ್ಲನ್ನು ಮತ್ತೆ ಹಾಸಬಹುದು. ಕೈತಪ್ಪಿದ ಹಕ್ಕನ್ನು ಮರಳಿ ಪಡೆಯಲು ವರ್ಷಗಳೇ ಬೇಕಾಗುತ್ತವೆ. ಆದುದರಿಂದ ಪಂಚಾಯಿತಿ ಕಟ್ಟಡದ ಮುಂದಿನ ಅಂಗಳವಿರಲಿ, ತಾಲ್ಲೂಕು ಕಚೇರಿಯ ಮರದ ನೆರಳಿರಲಿ, ಅದರ ಸುಧಾರಣೆಯ ನಕ್ಷೆ ಬಂದಾಗ ಗಿಡಗಳ ಸಂಖ್ಯೆಯೊಡನೆ ಇನ್ನೊಂದನ್ನೂ ಕೇಳಬೇಕು: ಕೆಲಸ ಮುಗಿದ ಮೇಲೆ ಬೇಲಿಯ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ?