ನೋಟರಿಯ ಮೊಹರು: ಅಲ್ಲಿ ಮತ್ತು ಇಲ್ಲಿ



ಯರಗುಪ್ಪಿಯಿಂದ ಓದಲು ಹೋದ ನಿಮ್ಮ ಅಣ್ಣ ಜರ್ಮನಿಯಲ್ಲಿ ನೆಲೆಸಿ ಅಲ್ಲೊಂದು ಮನೆ ಕೊಳ್ಳುತ್ತಾನೆಂದು ಇಟ್ಟುಕೊಳ್ಳಿ. ಖರೀದಿಯ ಕರಾರು ನೋಟರಿಯ ಮುಂದೆ ಆಗದಿದ್ದರೆ ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ನೋಟರಿ ಕೊಳ್ಳುವವನ ಕಡೆಯವರೂ ಅಲ್ಲ, ಮಾರುವವನ ಕಡೆಯವರೂ ಅಲ್ಲ. ಭೂದಾಖಲೆಯಲ್ಲಿ ಒಡೆತನ, ಸಾಲ ನೋಡುತ್ತಾರೆ. ಇಬ್ಬರನ್ನೂ ಕೂರಿಸಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾರೆ. ಜರ್ಮನ್ ಬಾರದವರಿಗೆ ಅನುವಾದಿಸಿ ಹೇಳಲೇಬೇಕು. ಓದದೆ ಸಹಿ ಹಾಕುವ ನಮ್ಮ ರೂಢಿಗೆ ಇದು ಒಳ್ಳೆಯ ಮದ್ದು! ಆದರೆ ಗೋಡೆ ಗಟ್ಟಿಯಿದೆಯೇ, ಬೆಲೆ ಸರಿಯೇ ಎಂಬುದು ನೋಟರಿಯ ಕೆಲಸವಲ್ಲ.

ನಮ್ಮಲ್ಲಿ ಹೆಸರು ಅದೇ, ಕೆಲಸ ಬೇರೆ. 1952ರ ನೋಟರಿ ಕಾಯ್ದೆಯಂತೆ ನೇಮಕವಾದವರು ಅಫಿಡವಿಟ್, ನಕಲು, ಸಹಿಗಳನ್ನು ದೃಢೀಕರಿಸುತ್ತಾರೆ, ಅಷ್ಟೇ. ಹೊಲವಾಗಲಿ, ಮನೆಯಾಗಲಿ, ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯದಾದರೆ ಖರೀದಿ ಪತ್ರವು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗಬೇಕು. ಬಾಂಡ್ ಹಾಳೆಗೆ ನೋಟರಿಯ ಮೊಹರು ಹಾಕಿಸಿಕೊಂಡು, ಪ್ಲಾಟು ತಮ್ಮದಾಯಿತೆಂದು ನಂಬಿ ಉಳಿತಾಯವನ್ನೆಲ್ಲ ಸುರಿದವರ ಕೈಯಲ್ಲಿರುವುದು ಒಡೆತನವಲ್ಲ, ಬರೀ ಕಾಗದ. ಮುಖತ್ಯಾರ ಪತ್ರದಿಂದಲೂ ಒಡೆತನ ಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿತು.

ಹಾಗೆಂದು ಮುಖತ್ಯಾರ ಪತ್ರ ನಿರುಪಯೋಗಿಯಲ್ಲ. ಅಣ್ಣ ಊರಿನ ಜಾಗ ಮಾರುವ ಅಧಿಕಾರವನ್ನು ಅಪ್ಪನಿಗೆ ಕೊಡಬೇಕಾದರೆ ಅದೇ ಬೇಕು. ಅದನ್ನು ಅಲ್ಲಿನ ನೋಟರಿಯೋ ಭಾರತೀಯ ಕಾನ್ಸುಲರೋ ದೃಢೀಕರಿಸಿರಬೇಕು. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಂಥ ಲಕೋಟೆ ಮನೆಗೆ ಬಂದರೆ, ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಟ್ಟು ಅಪ್ಪನಿಗೆ ನೆನಪಿಸಿರಿ.